ಮೂವತ್ತೇಳನೇ ರಾಡು

ಒಣಗಿದ ಕಲ್ಲು ಯಾವ ಬಣ್ಣವನ್ನೂ ಒಪ್ಪಿಕೊಳ್ಳುವುದಿಲ್ಲ. ಕೇಳಿದರೆ ಎಲ್ಲವೂ ಧೂಳು. ಬ್ರಷ್ಷನ್ನು ನೀರಿಗದ್ದಿ ಉದ್ದಕ್ಕೆ ಒಂದು ಸಲ ಎಳೆದರೆ ಮಾತ್ರ ಒಳಗಿನದು ಮೇಲಕ್ಕೆ ಬರುತ್ತದೆ, ಇಟ್ಟಿಗೆಯ ಕೆಂಪು, ತುಕ್ಕಿನ ಹಳದಿ, ಹಳೆಯ ಪಾತ್ರೆಯ ತಳದಂಥ ಬೂದು. ಅದೂ ಎರಡೇ ನಿಮಿಷ. ನೀರು ಆರಿದ ಕೂಡಲೇ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತದೆ. ಇಪ್ಪತ್ತೆರಡು ವರ್ಷದಿಂದ ಇದೇ ಶೆಡ್ಡಿನಲ್ಲಿ ಕಲ್ಲಿಗೆ ನೀರು ಬಳಿಯುತ್ತ ಬಂದವನಿಗೆ ಆ ಬೆಳಿಗ್ಗೆ ಬ್ರಷ್ಷು ಹಿಡಿದ ಕೈ ತನ್ನದಲ್ಲವೇನೋ ಎನಿಸಿತು. ಇಪ್ಪತ್ತೇಳನೇ ಬೋರು ಮೇಜಿಗೆ ಬಂದಿತ್ತು. ನೆಲ ಕೊರೆದು ತೆಗೆದ ಕಲ್ಲಿನ ಕೋಲುಗಳನ್ನು ನಾಲ್ಕು ನಾಲ್ಕು ಮೀಟರಿನಂತೆ ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಆಳದ ಲೆಕ್ಕದ ಪ್ರಕಾರ ನಂಬರು ಹಾಕಿ, ಗೋಡೆಯುದ್ದಕ್ಕೂ ಚಾವಣಿ ಮುಟ್ಟುವಂತೆ ಜೋಡಿಸಿಟ್ಟಿದ್ದ ಶೆಡ್ಡು ಅದು. ಅಲ್ಲಿನ ಪ್ರತಿಯೊಂದು ಪೆಟ್ಟಿಗೆಯನ್ನೂ ಮೊದಲಿನಿಂದ ಓದಿ ಬರೆದುಕೊಳ್ಳಬೇಕೆಂದು ಬಂದಿದ್ದ ಭೂವಿಜ್ಞಾನಿ ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. ನಿನ್ನೆ ಸಂಜೆಗೆ ಒಂಬತ್ತು ಪೆಟ್ಟಿಗೆ ಮುಗಿಸಿದ್ದಳು. ಇವತ್ತು ಹತ್ತರಿಂದ ಶುರು. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ: ಒಂದೊಂದಕ್ಕೆ ಇಪ್ಪತ್ತು ನಿಮಿಷ, ನಡುವೆ ಒಂದು ಚಹಾ. ಹದಿನಾರನೆಯದು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಬರುತ್ತದೆ.

“ಏನ್ ಯಜಮಾನ್ರೇ, ಕಲ್ಲಿಗೆ ಸ್ನಾನ ಆಯ್ತಾ? ಸ್ವಲ್ಪ ಸೋಪೂ ಹಾಕಿ, ಮೇಡಂ ಮುಂದೆ ಹೋಗೋ ಕಲ್ಲು” ಎಂದು ಆಚೆ ಮೂಲೆಯಿಂದ ಕೂಗಿದವನು ಗರಗಸ. ಕಲ್ಲನ್ನು ಉದ್ದಕ್ಕೆ ಸೀಳುವ ಯಂತ್ರ ಅವನ ಸುಪರ್ದಿಯಲ್ಲಿ ಇದ್ದದ್ದರಿಂದ ಬಂದ ಹೆಸರು; ನಾಲಿಗೆಗೂ ಸರಿಹೊಂದಿದ್ದರಿಂದ ನಿಂತ ಹೆಸರು. ಬ್ರಷ್ಷು ಹಿಡಿದವನು ನಕ್ಕ. ನಗುವುದು ಸುಲಭ, ಇಪ್ಪತ್ತೆರಡು ವರ್ಷದ ಅಭ್ಯಾಸ. ಬೆಳಿಗ್ಗೆ ಮನೆಯಲ್ಲೂ ಹೀಗೆಯೇ ನಕ್ಕಿದ್ದ. ಊಟದ ಮೇಜಿನ ಎದುರು ಕೂತು ಭಾವ, ಅಂದರೆ ಅವನ ಹೆಂಡತಿಯ ಅಣ್ಣ, ಬ್ರೆಡ್ಡಿನ ತುಂಡುಗಳನ್ನು ಎಣಿಸುತ್ತಿದ್ದರು. “ಒಂದು, ಎರಡು, ಮೂರು, ನಾಲ್ಕು. ಏನಮ್ಮಾ, ನಾಲ್ಕೇ ತಾನೇ? ನೀನೂ ಒಂದ್ಸಲ ಎಣಿಸು.” ಒಲೆಯ ಮುಂದಿನಿಂದ ತಂಗಿ ತಿರುಗಿಯೂ ನೋಡದೆ, “ನಾಲ್ಕೇ ಅಣ್ಣಾ, ತಿನ್ನು” ಎಂದಳು. ಆ ಮೇಜಿನ ಒಂದು ಕಾಲು ಗಿಡ್ಡ. ಕೊಂಡ ದಿನದಿಂದಲೂ ಕುಂಟು. ಭಾವ ಮೊಣಕೈ ಊರಿದರೆ ಸಾಕು, ಚಹಾ ತಟ್ಟೆಗೆ ತುಳುಕುತ್ತಿತ್ತು. ಆದ್ದರಿಂದ ಭಾವ ತಿನ್ನುವಷ್ಟು ಹೊತ್ತೂ ಅವನು ಎಡಗೈಯಿಂದ ಮೇಜಿನ ಮೂಲೆಯನ್ನು ಅದುಮಿ ಹಿಡಿದು, ಬಲಗೈಯಿಂದ ತಾನು ತಿನ್ನುತ್ತಿದ್ದ. ಯಾರೂ ಹೇಳಿದ್ದಲ್ಲ. ಯಾರೂ ಗಮನಿಸಿದ್ದೂ ಇಲ್ಲ. ಕಾಲಿಗೊಂದು ಚಕ್ಕೆ ಇಟ್ಟರೆ ಮುಗಿಯುವ ಕೆಲಸ, ಐದು ನಿಮಿಷದ್ದು. ಅದನ್ನು ತಾನು ಯಾಕೆ ಮಾಡಲಿಲ್ಲ ಎಂದು ಅವನು ತನ್ನನ್ನೇ ಕೇಳಿಕೊಂಡದ್ದೂ ಉಂಟು, ಉತ್ತರ ಬರುವ ಮುಂಚೆ ಬೇರೆ ಯೋಚನೆಗೆ ಜಾರಿಕೊಂಡದ್ದೂ ಉಂಟು.

ಭಾವ ಎಲ್ಲವನ್ನೂ ಎಣಿಸುತ್ತಿದ್ದರು. ಮನೆಯ ಹದಿನಾಲ್ಕು ಮೆಟ್ಟಿಲು, ಒಗೆದ ಬಟ್ಟೆಗೆ ಹಾಕಿದ ಕ್ಲಿಪ್ಪು, ಔಷಧಿಯ ಗುಳಿಗೆ. ಒಂದು ಸಲ ಎಣಿಸಿದ್ದನ್ನು ನಂಬುತ್ತಿರಲಿಲ್ಲ. ಎರಡನೆಯ ಸಲ ಎಣಿಸಿ, ಮೂರನೆಯದಕ್ಕೆ ಯಾರನ್ನಾದರೂ ಕರೆಯುತ್ತಿದ್ದರು. ಒಂದು ಕಾಲಕ್ಕೆ ಇದೇ ಮನುಷ್ಯ ನೂರು ಕೊಳವೆ ನೆಲದೊಳಗೆ ಇಳಿಸಿ, ಕಣ್ಣು ಮುಚ್ಚಿಕೊಂಡು ಆಳ ಹೇಳುತ್ತಿದ್ದ ಕೊರೆತದ ಮೇಸ್ತ್ರಿ. ರಾಡು ಎನ್ನುವ ಆ ಕೊಳವೆ ಒಂದಕ್ಕೆ ಮೂರು ಮೀಟರು, ಇಳಿದ ಪ್ರತಿ ರಾಡಿಗೂ ಹಲಗೆಯ ಮೇಲೆ ಸೀಮೆಸುಣ್ಣದ ಒಂದು ಗೀಟು. “ನಾನು ಹಾಕಿದ ಗೀಟು ಅಂದ್ರೆ ಕಲ್ಲಲ್ಲಿ ಕೆತ್ತಿದ ಹಾಗೆ” ಎನ್ನುತ್ತಿದ್ದರು. ಅದು ಜಂಭವಲ್ಲ, ನಿಜವೇ. ಅವನ ಮಗಳು ಚಿಕ್ಕವಳಿದ್ದಾಗ ಅಂಕಿ ಕಲಿತದ್ದು ಈ ಸೋದರಮಾವನ ತೊಡೆಯ ಮೇಲೆ. ಶಾಲೆಗೆ ಸೇರಿದ ವಾರಕ್ಕೇ ಟೀಚರು ಕರೆಸಿದ್ದರು. “ನಿಮ್ಮ ಮಗು ಒಂದು ಒಂದು, ಎರಡು ಎರಡು, ಮೂರು ಮೂರು ಅಂತ ಎಣಿಸುತ್ತಲ್ಲ, ಮನೆಯಲ್ಲಿ ಯಾರಿಗಾದ್ರೂ ತೊದಲು ಇದೆಯಾ?” ಇಲ್ಲ ಎಂದು ಅವನು ಹೇಳಿದ್ದ. ಆ ‘ಇಲ್ಲ’ ಕೂಡ ಅವನ ಬಾಯಿಂದ ಎಷ್ಟು ನಯವಾಗಿ ಬಂದಿತ್ತೆಂದರೆ, ಮನೆಗೆ ಬರುವ ದಾರಿಯಲ್ಲಿ ಮಗುವಿನ ಕೈ ಹಿಡಿದು ನಡೆಯುವಾಗ ಅವನಿಗೆ ಇನ್ನೊಂದು ‘ಇಲ್ಲ’ ನೆನಪಾಗಿತ್ತು.

“ಹನ್ನೊಂದು ಕೊಡಿ” ಎಂದಳು ಮೇಡಂ. ಕೊಟ್ಟ. ಅವಳು ಬಗ್ಗಿ, ಕಣ್ಣಿಗೆ ಭೂತಗನ್ನಡಿ ಹಿಡಿದು, ಬೆರಳಿಂದ ಮರಳುಕಲ್ಲನ್ನು ಉಜ್ಜಿ ನೋಡಿ, “ಕೆಂಪು, ಮಧ್ಯಮ ಮರಳು, ತುಕ್ಕು ಜಾಸ್ತಿ” ಎಂದು ತನಗೆ ತಾನೇ ಹೇಳಿಕೊಂಡು ಬರೆದಳು. ಈ ಬೋರಿನ ಕೆಂಪೆಲ್ಲ ಅವನಿಗೆ ಬಾಯಿಪಾಠ. ಆಗಿನ ದೊಡ್ಡ ಸಾಹೇಬರು ಶೆಡ್ಡಿಗೆ ಯಾರೇ ಬಂದರೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೇಳುತ್ತಿದ್ದರು. ನೀರು ಎಲ್ಲೋ ದೂರದಲ್ಲಿ ನೆಲಕ್ಕೆ ಇಳಿಯುತ್ತೆ ನೋಡಿ, ಮರಳುಕಲ್ಲಿನ ಸಂದಿಯೊಳಗೇ ನಡ್ಕೊಂಡು ಬರುತ್ತೆ, ಸಾವಿರಗಟ್ಟಲೆ ವರ್ಷ. ಅದರಲ್ಲಿ ಗಾಳಿ ಇರುತ್ತೆ, ಉಸಿರು. ಉಸಿರಿರೋ ತನಕ ದಾರೀಲಿ ಸಿಕ್ಕ ಯುರೇನಿಯಂ ಎಲ್ಲ ಕರಗಿಸಿಕೊಂಡು, ಹೆಗಲ ಮೇಲೆ ಹಾಕಿಕೊಂಡು ಬರುತ್ತೆ. ಯಾರ ಕಣ್ಣಿಗೂ ಬೀಳಲ್ಲ. ಹೋದ ದಾರಿಯ ಕಲ್ಲೆಲ್ಲ ಮಾರ್ಪಟ್ಟು ಕೆಂಪಾಗುತ್ತೆ. ಕೆಂಪು ಕಂಡಿತು ಅಂದ್ರೆ ಅಲ್ಲಿ ಏನೂ ಸಿಗಲ್ಲ, ನೀರು ಬಂದು ಬಾಚಿಕೊಂಡು ಹೋಗಿದೆ ಅಂತ ಅರ್ಥ. ಮುಂದೆ ಎಲ್ಲೋ ಒಂದು ಕಡೆ, ಯಾವ ಕಾಲದ್ದೋ ಹೂತುಹೋದ ಮರ, ಕೊಳೆತ ಎಲೆ, ಕಪ್ಪು ಕೆಸರು. ಅಲ್ಲಿ ನೀರಿನ ಉಸಿರು ಕಟ್ಟುತ್ತೆ. ಹೊತ್ತದ್ದನ್ನ ಅಲ್ಲೇ ಇಳಿಸಿಬಿಡುತ್ತೆ. ಆಚೆಗೆ ಬೂದು ಕಲ್ಲು, ನೀರು ಇನ್ನೂ ಕೆಡಿಸದ ಕಲ್ಲು. ಈಚೆ ಕೆಂಪು, ಆಚೆ ಬೂದು, ನಡುವೆ ಬೆರಳಗಲ ಕಪ್ಪು. ಅದೇ ಗಂಟು. “ಅದು ಅಲ್ಲೇ ಇದ್ದುಬಿಡುತ್ತಾ ಸಾರ್?” ಎಂದು ಒಮ್ಮೆ ಮೇಸ್ತ್ರಿಯೇ ಕೇಳಿದ್ದರು, ಆಗಿನ್ನೂ ಭಾವ ಆಗಿರಲಿಲ್ಲ. “ಎಲ್ಲಿ ಇರುತ್ತೆ? ಹಿಂದಿನಿಂದ ಹೊಸ ನೀರು ಬಂದ್ರೆ ಮತ್ತೆ ಕರಗಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೂರುತ್ತೆ.” ಮೇಸ್ತ್ರಿ ನಕ್ಕು, “ಅಂದ್ರೆ ನಮ್ಮ ಹಾಗೇ, ಕ್ಯಾಂಪು ಕಿತ್ತು ಕ್ಯಾಂಪು ಹಾಕೋದು” ಎಂದಿದ್ದರು. ಎಲ್ಲರೂ ನಕ್ಕಿದ್ದರು. ಕೆಲಸಕ್ಕೆ ಸೇರಿ ಮೂರು ವಾರವಾಗಿದ್ದ ತಾನೂ ನಕ್ಕಿದ್ದ, ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ. ಅವನನ್ನು ಆ ಕೆಲಸಕ್ಕೆ ಸೇರಿಸಿದವರು ಅದೇ ಮೇಸ್ತ್ರಿ.

ಹನ್ನೆರಡು, ಹದಿಮೂರು. ಚಹಾ ಬಂತು. ಗರಗಸ ತನ್ನ ಲೋಟ ಹಿಡಿದು ಬಂದು, “ಮೇಡಂ, ಇದೆಲ್ಲ ಬರ್ಕೊಂಡು ಏನ್ ಮಾಡ್ತೀರಿ? ಮುಂದಿನ ತಿಂಗಳು ಶೆಡ್ಡೇ ಇರಲ್ಲವಂತೆ” ಎಂದ. “ಅದಕ್ಕೇ ಬರ್ಕೊಳ್ಳೋದು. ಹೆಣ ಸುಡೋಕೆ ಮುಂಚೆ ಫೋಟೋ ತೆಗೀತಾರಲ್ಲ, ಹಾಗೆ” ಎಂದಳು ಅವಳು, ತಾನೇ ಹೇಳಿದ್ದಕ್ಕೆ ತಾನೇ ಮುಖ ಸಿಂಡರಿಸಿ. ಅವನು ಲೋಟ ಕೆಳಗಿಟ್ಟು ಬ್ರಷ್ಷು ತೆಗೆದುಕೊಂಡ. ಹೋದ ವಾರವೇ ಅವನು ಶೆಡ್ಡಿನ ಆ ಸಾಲಿನ ಮುಂದೆ ಹೋಗಿ ನಿಂತಿದ್ದ. ಹದಿನಾರನೇ ಪೆಟ್ಟಿಗೆಯ ಮೇಲೆ ಬೆರಳಿಟ್ಟಿದ್ದ. ಯಾರೂ ಇಲ್ಲದ ಹೊತ್ತು. ಹತ್ತು ನಿಮಿಷದಲ್ಲಿ ಎಲ್ಲ ತುಂಡುಗಳನ್ನೂ ತೆಗೆದು ಸರಿಯಾಗಿ ಇಟ್ಟುಬಿಡಬಹುದಿತ್ತು. ಇಟ್ಟರೆ ತಪ್ಪು ಹೋಗುತ್ತದೆ. ಆದರೆ ತಪ್ಪಿನ ಜೊತೆಗೆ ಅದರ ಸಾಕ್ಷಿಯೂ ಹೋಗುತ್ತದಲ್ಲ, ಆಮೇಲೆ ತಾನು ಬಾಯಿಬಿಟ್ಟು ಹೇಳಿದರೂ ಯಾರು ನಂಬಬೇಕು ಎಂದು ಕೈ ಹಿಂತೆಗೆದಿದ್ದ. ಆ ಕ್ಷಣ ಅದು ದೊಡ್ಡ ಧೈರ್ಯವೆನಿಸಿ ಎದೆ ತುಂಬಿತ್ತು. ಮನೆ ಮುಟ್ಟುವಷ್ಟರಲ್ಲಿ ಗೊತ್ತಾಗಿತ್ತು: ಧೈರ್ಯವಲ್ಲ. ಇನ್ನೊಬ್ಬರು ಹಿಡಿಯಲಿ ಎಂದು ಕಾಯುವುದೂ ಒಂದು ಬಗೆಯ ಸೋಮಾರಿತನವೇ.

ಇಪ್ಪತ್ತೆರಡು ವರ್ಷದ ಹಿಂದಿನ ಆ ದಿನ ಪೆಟ್ಟಿಗೆ ಕೈ ಜಾರಿತ್ತು, ಅಷ್ಟೇ. ಗಾಡಿಯಿಂದ ಇಳಿಸುವಾಗ. ಅದು ತಪ್ಪಲ್ಲ, ಯಾರ ಕೈಯಾದರೂ ಜಾರುತ್ತದೆ. ಕಲ್ಲಿನ ಕೋಲುಗಳು ಹೊರಗೆ ಉರುಳಿ, ಪುಣ್ಯಕ್ಕೆ ಸಾಲು ಕೆಡದೆ ನೆಲದ ಮೇಲೆ ಮಲಗಿದ್ದವು. ಅವನು ಮಂಡಿಯೂರಿ ಒಂದೊಂದನ್ನೇ ಎತ್ತಿ ಮತ್ತೆ ಪೆಟ್ಟಿಗೆಗೆ ತುಂಬಿದ್ದ, ತಾಯಿ ಮಗುವಿನ ಬಟ್ಟೆ ಮಡಿಸಿಡುವಷ್ಟು ಜೋಪಾನವಾಗಿ. ತುಂಬಿ ಮುಗಿದ ಮೇಲೆ ನೋಡಿದರೆ, ಮರದ ಬಿಲ್ಲೆಗಳು. ಎಷ್ಟನೇ ಮೀಟರಿಗೆ ಪೆಟ್ಟಿಗೆ ಶುರುವಾಯಿತು, ಎಷ್ಟಕ್ಕೆ ಮುಗಿಯಿತು ಎಂದು ಮೇಸ್ತ್ರಿ ತಮ್ಮ ಕೈಯಾರೆ ಬರೆದು ಎರಡು ತುದಿಗೆ ಇಡುತ್ತಿದ್ದ ಬಿಲ್ಲೆಗಳು. ಮೇಲಿನ ಐವತ್ತು ಮೀಟರು ಬರೀ ಮಣ್ಣು, ಪೆಟ್ಟಿಗೆ ಶುರುವಾಗುವುದು ಅದರ ಕೆಳಗೆ; ಹದಿನಾರನೆಯದರಲ್ಲಿ ನೂರ ಹತ್ತು ಎಂಬುದು ತಲೆಯಲ್ಲಿರಬೇಕು, ನೂರ ಹದಿನಾಲ್ಕು ಕಾಲಿನಲ್ಲಿ. ಈಗ ನೂರ ಹದಿನಾಲ್ಕು ತಲೆಯಲ್ಲಿ ಕೂತಿತ್ತು. ಅಂದರೆ ತಾನು ಬಾಲದಿಂದ ತುಂಬಿಕೊಂಡು ಬಂದಿದ್ದೇನೆ. ಎಲ್ಲ ತೆಗೆಯಬೇಕು, ಎಲ್ಲ ಮತ್ತೆ ಇಡಬೇಕು. ಗೇಟಿನ ಹತ್ತಿರ ದೊಡ್ಡ ಸಾಹೇಬರ ಜೀಪು ಹಾರ್ನು ಹಾಕಿತು. ಅವನು ಕಲ್ಲುಗಳನ್ನು ಮುಟ್ಟಲಿಲ್ಲ. ಎರಡು ಬಿಲ್ಲೆಗಳನ್ನು ತೆಗೆದ, ಅದನ್ನು ಇಲ್ಲಿಗೆ, ಇದನ್ನು ಅಲ್ಲಿಗೆ ಇಟ್ಟ. ಒಂದು ಉಸಿರಿನ ಕೆಲಸ. ಕೈ ಜಾರಿದ್ದನ್ನು ಅವನು ಎಂದೋ ಮರೆಯಬಲ್ಲವನಾಗಿದ್ದ. ಆ ಒಂದು ಉಸಿರನ್ನು ಮರೆಯಲಾಗಲಿಲ್ಲ.

ವಾರ ಬಿಟ್ಟು ಶೆಡ್ಡಿನ ಇದೇ ಮೇಜಿನ ಮುಂದೆ, ದೊಡ್ಡ ಸಾಹೇಬರ ಎದುರು, ಮೇಸ್ತ್ರಿ ಕೈಕಟ್ಟಿ ನಿಂತಿದ್ದರು. “ಈ ಬರಹ ಯಾರದ್ದು?” “ನಂದೇ ಸಾರ್.” “ಕಪ್ಪು ಪಟ್ಟಿ ನಿನ್ನ ಲೆಕ್ಕದಲ್ಲಿ ನೂರ ಹದಿಮೂರೂವರೆಗೆ ಬರುತ್ತೆ. ಬೋರಿಗೆ ತಂತಿಯಲ್ಲಿ ವಿಕಿರಣ ಅಳೆಯೋ ಯಂತ್ರ ಇಳಿಸಿದರೆ ನೂರ ಹತ್ತೂವರೆಗೇ ಚಿಟಿಚಿಟಿ ಅನ್ನುತ್ತೆ. ಎಷ್ಟಾಯ್ತು ವ್ಯತ್ಯಾಸ? ಮೂರು ಮೀಟರು. ಕರೆಕ್ಟಾಗಿ ಒಂದು ರಾಡು. ಏನಯ್ಯಾ ಮೇಸ್ತ್ರಿ, ಇಳಿಯದೇ ಇರೋ ರಾಡನ್ನ ಇಳಿಸಿದೆಯಾ?” ಕೊರೆಯುವವರಿಗೆ ಕೂಲಿ ಮೀಟರಿನ ಲೆಕ್ಕ, ಆದ್ದರಿಂದ ಮಾತಿನ ಅರ್ಥ ಅಲ್ಲಿದ್ದ ಎಲ್ಲರಿಗೂ ಆಯಿತು. ಪೆಟ್ಟಿಗೆಯ ತುದಿಯಲ್ಲಿ ಮತ್ತೆ ಕಾಣಿಸಿದ ಕೆಂಪಿಗೂ ಸಾಹೇಬರ ಹತ್ತಿರ ವಿವರಣೆ ಸಿದ್ಧವಿತ್ತು: ನೀರು ನಾಲಿಗೆ ಚಾಚಿದೆ, ಅಂದರು. ಆ ನಾಲಿಗೆಯನ್ನು ಹುಡುಕಿಕೊಂಡು ಮುಂದೆ ಮೂರು ಬೋರು ಕೊರೆಸಿದರು, ಮೂರರಲ್ಲೂ ಬರೀ ಕೆಂಪು. ಮೇಸ್ತ್ರಿ ಬಿಲ್ಲೆಯನ್ನೇ ನೋಡುತ್ತ, “ಹಾಗಾಗಲ್ಲ ಸಾರ್… ನಾನು ಎಣಿಸಿದ್ದೆ” ಎಂದರು. ಸಾಹೇಬರು ಇತ್ತ ತಿರುಗಿ, “ನೀನೇನಾದ್ರೂ ಪೆಟ್ಟಿಗೆ ಮುಟ್ಟಿದೆಯಾ?” ಎಂದರು. ಅವನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ, “ಅವನು ಮುಟ್ಟೋ ಪೈಕಿ ಅಲ್ಲ ಸಾರ್, ನಾನು ಕರ್ಕೊಂಡು ಬಂದವನು” ಎಂದುಬಿಟ್ಟರು. ಇನ್ನು ಉಳಿದದ್ದು ತಲೆಯಾಡಿಸುವುದಷ್ಟೇ. “ಇಲ್ಲ ಸಾರ್” ಎಂದ. “ಬಂದ ಹಾಗೇ ಇದೆ.” ಮೇಸ್ತ್ರಿಯ ಕೆಲಸ ಹೋಯಿತು. ಆಮೇಲೆ ಊರಿಡೀ ‘ಮೀಟರ್ ಕಳ್ಳ’ ಎಂಬ ಹೆಸರಾಯಿತು, ಯಾವ ಯಂತ್ರದವರೂ ಹತ್ತಿರ ಸೇರಿಸಲಿಲ್ಲ. ಒಂದು ಗೋದಾಮಿನಲ್ಲಿ ಪೊಟ್ಟಣ ಕಟ್ಟುವ ಕೆಲಸ ಸಿಕ್ಕಿತು, ಪ್ರತಿಯೊಂದನ್ನೂ ಮೂರು ಸಲ ಎಣಿಸುತ್ತಾರೆಂದು ಅದೂ ಹೋಯಿತು. ಆರು ತಿಂಗಳಾದ ಮೇಲೆ ಒಂದು ಸಂಜೆ ಅವರೇ ಅವನ ಕೋಣೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, “ನನ್ನ ತಂಗೀನ ನೀನು ನೋಡಿದ್ದೀಯ. ನನ್ನ ಹೆಸರು ಕೆಟ್ಟಿದೆ, ಇನ್ನು ಯಾರೂ ಕೇಳಿಕೊಂಡು ಬರೋ ಹಾಗೆ ಕಾಣಲ್ಲ. ನಿನಗೆ ಗೊತ್ತು ನಾನು ಎಂಥವನು ಅಂತ. ಬೇಡ ಅಂದ್ರೂ ಬೇಜಾರಿಲ್ಲ” ಎಂದಿದ್ದರು. ಅವಳನ್ನು ಅವನು ಇಷ್ಟಪಟ್ಟಿದ್ದ. ಅದಂತೂ ಸುಳ್ಳಲ್ಲ. ಇಷ್ಟಪಟ್ಟದ್ದು ಸಿಗಲು ಕಾರಣವಾದದ್ದು ಏನೆಂದು ಗೊತ್ತಿದ್ದೂ ಕೈಚಾಚಿದ್ದ, ಅದೂ ಸುಳ್ಳಲ್ಲ.

“ಹದಿನಾರು.”

ಬ್ರಷ್ಷನ್ನು ಅದ್ದಿ ಎಳೆದ. ಮೊದಲ ಮೂರು ಸಾಲು ಬೂದು. ಕೊನೆಯ ಸಾಲಿನ ನಡುವೆ ಬೆರಳಗಲದ ಕಪ್ಪು. ಆಮೇಲೆ ಅರ್ಧ ಮೀಟರು ಕೆಂಪು. ಮೇಡಂ ಬಗ್ಗಿದವಳು ಏಳಲಿಲ್ಲ. ಹಿಂದಿನ ಪೆಟ್ಟಿಗೆ ನೋಡಿದಳು, ಮುಂದಿನದನ್ನು ಎಳೆದು ನೋಡಿದಳು. ಹಳೆಯ ವರದಿಯ ಹಾಳೆ ತಿರುವಿ, “ನಾಲಿಗೆ ಅಂತೆ” ಎಂದು ಮೂಗಿನಲ್ಲಿ ನಕ್ಕಳು. “ಹದಿನೈದರ ಕೊನೇ ತುಂಡು ಕೊಡಿ ಇಲ್ಲಿ.” ಕೊಟ್ಟ. ಅದರ ಮುರಿದ ತುದಿಯನ್ನು ಅವಳು ಹದಿನಾರರ ಮೊದಲ ತುಂಡಿಗೆ ತಾಗಿಸಿದಳು. ಕೂರಲಿಲ್ಲ. ಮುರಿದ ಕಲ್ಲಿಗೆ ಹಲ್ಲುಗಳಿರುತ್ತವೆ; ತನ್ನ ಜೋಡಿಯನ್ನು ಬಿಟ್ಟು ಬೇರೆಯದನ್ನು ಕಚ್ಚುವುದಿಲ್ಲ. ಅವಳು ಅದೇ ತುಂಡನ್ನು ಪೆಟ್ಟಿಗೆಯ ಆ ಕೊನೆಗೆ ಒಯ್ದು, ಕಟ್ಟಕಡೆಯ ಕೆಂಪು ತುಂಡಿನ ತುದಿಗೆ ಹಿಡಿದು, ಸ್ವಲ್ಪ ತಿರುಗಿಸಿದಳು. ಟಕ್ಕೆಂದು ಕೂತಿತು. ಎರಡು ತುಂಡು ಒಂದಾಗಿ, ಸಂದಿ ಎಲ್ಲಿತ್ತು ಎಂದೂ ಕಾಣದಾಯಿತು. 

“ಅಷ್ಟೇ. ಪೆಟ್ಟಿಗೆ ತಲೆಕೆಳಗು.” ಅವಳಿಗೆ ಗೆದ್ದ ಖುಷಿ. ಗರಗಸ ಇಣುಕಿ ನೋಡಿ, “ಅಬ್ಬಬ್ಬಾ, ಇಪ್ಪತ್ತೆರಡು ವರ್ಷ ಶೀರ್ಷಾಸನ! ಯಾವ ಯೋಗಿಗೂ ಆಗಲ್ಲ” ಎಂದ. ಇಬ್ಬರೂ ನಕ್ಕರು. ಅವನಿಗೆ ಈ ಸಲ ನಗು ಬರಲಿಲ್ಲ. “ಅದಕ್ಕೆ ಒಬ್ಬರ ಕೆಲಸ ಹೋಯ್ತು ಮೇಡಂ” ಎಂದ. ಅವಳ ನಗು ಅರ್ಧಕ್ಕೆ ನಿಂತಿತು. “ಹೌದಾ? ಅಯ್ಯೋ. ಯಾರು ತಿರುಗಿಸಿದ್ದು ಅಂತ ಆಮೇಲೂ ಗೊತ್ತಾಗಲಿಲ್ವಾ?” “ನಾನೇ.” ಇಷ್ಟು ಚಿಕ್ಕ ಮಾತು ಅದು. ಹೊರಬಂದ ಮೇಲೆ ಶೆಡ್ಡಿನಲ್ಲಿ ಏನೂ ಬೀಳಲಿಲ್ಲ, ಫ್ಯಾನು ತಿರುಗುತ್ತಲೇ ಇತ್ತು. “ಕೈ ಜಾರಿ ಬಿತ್ತು. ಮತ್ತೆ ತುಂಬಿದೆ.” ಅವಳು ಕನಿಕರದಿಂದ, “ಬಿಡಿ, ಇಂಥದ್ದು ಎಲ್ಲಾ ಶೆಡ್ಡಲ್ಲೂ ಆಗುತ್ತೆ. ನಾನು ಟ್ರೇನಿಂಗಲ್ಲಿ ಇದ್ದಾಗ ಎರಡು ಪೆಟ್ಟಿಗೆ ಕಲಸಿಬಿಟ್ಟಿದ್ದೆ” ಎಂದು ಹಾಳೆಗೆ ಬಗ್ಗಿದಳು. ಬಗ್ಗಿದವಳು ಪೆನ್ನು ನಿಲ್ಲಿಸಿ, “ಆದ್ರೆ…” ಎಂದಳು. “ಬಿಲ್ಲೆಗಳು ಸರಿಯಾಗೇ ಇವೆಯಲ್ಲ? ಕಲ್ಲು ತಿರುಗಿದ್ರೆ ಅವೂ ಅದರ ಜೊತೆಗೇ ತಿರುಗಬೇಕಿತ್ತು.” ಪ್ರಶ್ನೆ ಕಲ್ಲಿಗೆ ಕೇಳಿದ್ದು. ಉತ್ತರಕ್ಕೆ ಅವನ ಮುಖ ನೋಡಿದಳು. ಒಂದು ಗಳಿಗೆ, ಹೆಚ್ಚಿಲ್ಲ. ಆಮೇಲೆ ಕಣ್ಣು ತೆಗೆದು, ‘ತಲೆಕೆಳಗು, ಸರಿಪಡಿಸಿ ಓದಲಾಗಿದೆ’ ಎಂದು ಒಂದು ಸಾಲು ಬರೆದಳು. ಆ ದಿನ ಮತ್ತೆ ಅವಳು ಅವನ ಮುಖ ನೋಡಿ ಮಾತಾಡಲಿಲ್ಲ. ಹದಿನೇಳು ಕೊಡಿ, ಹದಿನೆಂಟು ಕೊಡಿ, ಅಷ್ಟೇ.

ಹೊರಡುವಾಗ ಅವನೇ ಹತ್ತಿರ ಹೋಗಿ, “ಮೇಡಂ, ಒಂದು ಚೀಟಿ ಬರೆದು ಕೊಡ್ತೀರಾ? ಮೇಸ್ತ್ರಿ ಲೆಕ್ಕ ಸರಿ ಇತ್ತು ಅಂತ” ಎಂದ. ಅವಳು ಚೀಲ ಕಟ್ಟುತ್ತಲೇ, “ಯಾರಿಗೆ ಅಂತ ಬರೀಲಿ? ಆಗಿನ ಸಾಹೇಬರು ತೀರಿಕೊಂಡಾಯ್ತು. ಕಂಪನಿ ಮುಚ್ತಾ ಇದೆ. ಹತ್ತು ಬೋರು ಉಳಿಸ್ಕೊಳ್ತಾರೆ, ಮಿಕ್ಕಿದ್ದೆಲ್ಲ ಗುಂಡಿಗೆ” ಎಂದಳು. “ಇಪ್ಪತ್ತೇಳು?” “ಗುಂಡಿಗೆ.” ಅವನು ಬಿಲ್ಲೆಗಳನ್ನು ತೋರಿಸಿ, “ಇವೆರಡನ್ನ ತಗೊಳ್ಳಲಾ?” ಎಂದ. “ತಗೊಳ್ಳಿ” ಎಂದಳು, ಗೋಡೆಗೆ. ಗೇಟಿನಲ್ಲಿ ಕಾವಲುಗಾರ ಎಂದಿನಂತೆ ಕೈಗೆ, ಜೇಬಿಗೆ ವಿಕಿರಣ ಅಳೆಯುವ ಕೋಲು ಆಡಿಸಿದ. ಅದು ಚಿಟಿಕೆಯಷ್ಟೂ ಸದ್ದು ಮಾಡಲಿಲ್ಲ. ಮರದ ಚೂರುಗಳಿಗೆ ಏನೂ ಹತ್ತಿರಲಿಲ್ಲ. “ಹೋಗಿ, ನೀವು ಕ್ಲೀನು” ಎಂದ ಕಾವಲುಗಾರ.

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಅವನು ಮಾತುಗಳನ್ನು ಜೋಡಿಸಿಕೊಂಡ. ಭಾವ ಸಿಟ್ಟಾಗುತ್ತಾರೆ. ಆಗಲಿ. ಹೊಡೆಯಲಿ, ಅರವತ್ತು ದಾಟಿದ ಕೈ. ಇಲ್ಲವೇ ಅಳುತ್ತಾರೆ. ಹೆಂಡತಿ ಅಣ್ಣನನ್ನು ಕರೆದುಕೊಂಡು ಬೇರೆ ಮನೆ ಮಾಡಬಹುದು, ಮಗಳಿಗೆ ಹಾಸ್ಟೆಲಿಗೆ ಫೋನು ಮಾಡಿ ನಿಮ್ಮಪ್ಪ ಹೀಗೆ ಎಂದು ಹೇಳಬಹುದು. ಅದೆಲ್ಲವನ್ನೂ ಅವನು ಎಷ್ಟು ವಿವರವಾಗಿ ಕಂಡನೆಂದರೆ, ಅದರಲ್ಲಿ ಒಂದು ತರಹದ ಆಸೆ ಇದೆಯೆಂದು ಹೊಳೆದು ನಾಚಿಕೆಯಾಯಿತು. ಶಿಕ್ಷೆ ಕೂಡ ತನಗೆ ಬೇಕಾದ ಅಳತೆಗೆ ಹೊಲಿಸಿಕೊಳ್ಳುತ್ತಿದ್ದೇನೆ. ಆದರೆ ಕೊನೆಗೆ ಉಳಿದದ್ದು ಒಂದೇ ಚಿತ್ರ: ನಾಳೆ ಬೆಳಿಗ್ಗೆ ಭಾವ ಮೆಟ್ಟಿಲಿಳಿದು ಬರುತ್ತಾರೆ, ಎಣಿಸುವುದಿಲ್ಲ. ಅಷ್ಟಾದರೆ ಸಾಕು ಎನಿಸಿತು. ಅಷ್ಟು ಮಾತ್ರ ಆಗಲಿ.

ಭಾವ ಮೇಜಿನ ಮುಂದೆ ಕೂತು ನಾಳೆಯ ಗುಳಿಗೆಗಳನ್ನು ಡಬ್ಬಿಗೆ ಹಾಕುತ್ತಿದ್ದರು. “ಬಂದೆಯಾ? ಬಾ ಬಾ, ಒಂದ್ಸಲ ಎಣಿಸು, ಆರು ಇದೆಯಾ ನೋಡು.” ಅವನು ಕೂರಲೂ ಇಲ್ಲ. ಜೇಬಿನಿಂದ ಎರಡು ಬಿಲ್ಲೆ ತೆಗೆದು ಗುಳಿಗೆಗಳ ಪಕ್ಕ ಇಟ್ಟ. ಭಾವ ಕನ್ನಡಕ ಸರಿಮಾಡಿಕೊಂಡು, ಒಂದನ್ನು ಎತ್ತಿ ಬೆಳಕಿಗೆ ಹಿಡಿದು, “ಅರೆ, ನನ್ನ ಕೈಬರಹ!” ಎಂದರು, ಕಳೆದುಹೋದ ಮಗುವಿನ ಫೋಟೋ ಸಿಕ್ಕವರಂತೆ. ಅವನು ಹೇಳಿದ. ಕೈ ಜಾರಿದ್ದು, ತುಂಬಿದ್ದು, ಜೀಪಿನ ಹಾರ್ನು, ಬಿಲ್ಲೆ ಅದಲುಬದಲು ಮಾಡಿದ್ದು, ಇವತ್ತು ಆ ತುಂಡು ಟಕ್ಕೆಂದು ಕೂತದ್ದು. “ನಿಮ್ಮ ಲೆಕ್ಕ ಸರಿ ಇತ್ತು ಭಾವ. ಮೊದಲಿನಿಂದಲೂ ಸರಿ ಇತ್ತು. ತಪ್ಪು ನಂದು.” ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಬಂದು ನಿಂತದ್ದು ಅವನಿಗೆ ಗೊತ್ತಾಯಿತು. ನೋಡಲಿಲ್ಲ.

ಭಾವ ಬಿಲ್ಲೆಯನ್ನು ಮತ್ತೆ ಗುಳಿಗೆಗಳ ಪಕ್ಕಕ್ಕೆ ಇಟ್ಟರು. ಆಮೇಲೆ ನಕ್ಕರು. ಅದು ಕಹಿ ನಗೆಯಲ್ಲ, ಮಕ್ಕಳ ಜಾಣತನಕ್ಕೆ ಹಿರಿಯರು ನಗುವಂಥದ್ದು. “ನೀನು ದೊಡ್ಡ ಮನುಷ್ಯ ಕಣಯ್ಯಾ” ಎಂದರು. “ನನ್ನ ಎಣಿಸೋ ಹುಚ್ಚು ನೋಡಿ ನೋಡಿ ನಿನಗೆ ಸಂಕಟ ಆಗಿದೆ. ಅದಕ್ಕೆ ಇಷ್ಟೆಲ್ಲ ಕಟ್ಟಿಕೊಂಡು ಬಂದಿದ್ದೀಯ.”

“ಕಟ್ಟಿದ್ದಲ್ಲ ಭಾವ. ಆಣೆ ಮಾಡ್ತೀನಿ.”

“ಆಣೆ ಯಾಕೆ? ನನಗೆ ಗೊತ್ತಿಲ್ವಾ ನಾನು ಮಾಡಿದ್ದು?” ಭಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಮೇಜು ಕುಂಟಿತು, ಅವನ ಎಡಗೈ ತಾನಾಗಿಯೇ ಹೋಗಿ ಮೂಲೆಯನ್ನು ಅದುಮಿತು. “ಅವತ್ತು ಸಿಕ್ಕಾಪಟ್ಟೆ ಗಾಳಿ. ಮೂವತ್ತಾರು ಇಳಿಸಿದೆ, ಗೀಟು ಹಾಕಿದೆ. ಮೂವತ್ತೇಳು ಇಳಿಸಿದೆ, ಗೀಟು ಹಾಕಿದೆ. ಅಷ್ಟರಲ್ಲಿ ಹಿಂದಿನಿಂದ, ‘ಮೇಸ್ತ್ರಿ, ಟೀ ಬಂತು’ ಅಂತ ಕೂಗು. ತಿರುಗಿ ನೋಡಿದೆ. ಮತ್ತೆ ಹಲಗೆ ಕಡೆ ತಿರುಗಿ ಇನ್ನೊಂದು ಗೀಟು ಹಾಕಿದೆ. ಮೂವತ್ತೇಳನೇ ರಾಡು ಎರಡು ಸಲ. ಆ ಸೀಮೆಸುಣ್ಣದ ಸದ್ದು ಕೂಡ ನೆನಪಿದೆ ಕಣೋ, ಕಿರ್ರ್ ಅಂತು.” ದನಿ ತಗ್ಗಿಸಿ, ತಂಗಿಗೆ ಕೇಳಬಾರದೆಂಬಂತೆ, “ಕೂಗಿದ್ದು ನೀನು” ಎಂದರು. “ನಿನಗೆ ಮರ್ತುಹೋಗಿರಬಹುದು. ನಾನು ಯಾರಿಗೂ ಹೇಳಲಿಲ್ಲ, ಸಾಹೇಬ್ರಿಗೂ ಹೇಳಲಿಲ್ಲ. ಟೀ ಬಂತು ಅಂತ ಕರೆಯೋದೂ ಒಂದು ತಪ್ಪಾ? ಆಗ್ಲೇ ಮನಸ್ಸಲ್ಲಿ ತೆಗೆದುಹಾಕಿದೆ. ನೀನೂ ತೆಗೆದುಹಾಕು.”

ಆ ದಿನ ಟೀ ಬಂದಿರಲಿಲ್ಲ. ಅವನು ಯಂತ್ರದ ಹತ್ತಿರವೇ ಇರಲಿಲ್ಲ. ಗಾಡಿಯ ಜೊತೆ ಶೆಡ್ಡಿನಲ್ಲಿದ್ದ. ಹೇಳಲು ಬಾಯಿ ತೆರೆದ. ಎದುರಿಗೆ ಕೂತ ಮುಖದಲ್ಲಿ ಅಂಥ ಸಮಾಧಾನವಿತ್ತು. ಇಪ್ಪತ್ತೆರಡು ವರ್ಷ ಒಬ್ಬರ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಕಾಪಾಡಿದವರ ಸಮಾಧಾನ ಅದು. ಎಲ್ಲಿಂದ ಬಂತು ಆ ಗಾಳಿ, ಆ ಕೂಗು, ಕಿರ್ರೆನ್ನುವ ಆ ಸೀಮೆಸುಣ್ಣ? ಒಂದು ದಿನದಲ್ಲಿ ಬಂದದ್ದಲ್ಲ. ಕಣಕಣವಾಗಿ ಬಂದು ಕೂತಿದೆ. ಈಗ ಕಲ್ಲಿನಷ್ಟು ಗಟ್ಟಿ. “ಟೀ ಬಂದಿರಲಿಲ್ಲ ಭಾವ” ಎಂದ, ತನಗೇ ಕೇಳದಷ್ಟು ಮೆಲ್ಲಗೆ. “ಬಂದಿತ್ತು” ಎಂದರು ಭಾವ, ಪ್ರೀತಿಯಿಂದ. “ಎರಡು ಲೋಟ ಕುಡಿದೆ ನಾನು. ಎರಡು. ಎಣಿಸಿದ್ದೀನಿ.”

ಲೋಟ ತರುವ ನೆಪದಲ್ಲಿ ಅವನು ಅಡುಗೆಮನೆಗೆ ಹೋದ. ಹೆಂಡತಿ ನಲ್ಲಿ ನಿಲ್ಲಿಸಿದಳು. “ಅಣ್ಣ ಹೇಳಿದ್ದು ನಿಜವಾ, ನೀವು ಹೇಳಿದ್ದು 
ನಿಜವಾ?” “ನಾನು ಹೇಳಿದ್ದು.” ಅವಳು ಕೈ ಒರೆಸಿಕೊಂಡಳು. ಒದ್ದೆ ಇಲ್ಲದಿದ್ದರೂ ಮತ್ತೆ ಒರೆಸಿಕೊಂಡಳು. “ಮದುವೆಗೆ ಮುಂಚೆನೂ ನಿಮಗೆ ಗೊತ್ತಿತ್ತು” ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ಅವನು ಲೋಟಗಳನ್ನು ಹಿಡಿದು ನಿಂತ. “ಇನ್ನೊಂದು ಸಲ ಅವನ ಮುಂದೆ ಈ ಮಾತು ಎತ್ತಬೇಡಿ. ಅದೊಂದನ್ನ ಇಟ್ಕೊಂಡು ಬದುಕಿದ್ದಾನೆ. ಅದನ್ನೂ ಕಿತ್ಕೊಂಡ್ರೆ ಅವನ ಹತ್ರ ಇನ್ನೇನಿದೆ?” ಎಂದು ತಟ್ಟೆಗಳನ್ನು ಎತ್ತಿಕೊಂಡು, ಅವನ ತೋಳಿಗೆ ತನ್ನ ತೋಳು ತಾಗದಂತೆ ಬದಿಗೆ ಸರಿದು ಹೊರಗೆ ಹೋದಳು. ಅಷ್ಟು ಇಕ್ಕಟ್ಟಾದ ಬಾಗಿಲಲ್ಲಿ ತಾಗದೆ ಹೋಗುವುದು ಕಷ್ಟವಿತ್ತು. ಅವಳು ಹೋದಳು.

ಅವನು ಹೊರಗೆ ಬಂದಾಗ ಭಾವ ನೆಲದ ಮೇಲೆ ಕೂತಿದ್ದರು. ಮೇಜಿನ ಕೆಳಗೆ ತಲೆ ತೂರಿಸಿ, ಗಿಡ್ಡ ಕಾಲನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಿದ್ದರು. “ಇಷ್ಟು ವರ್ಷ ಯಾರಿಗೂ ಹೊಳೀಲಿಲ್ಲ ನೋಡು. ಸರಿಯಾದ ಅಳತೆ. ಎರಡೂ ಸೇರಿದ್ರೆ ಸರಿಹೋಗುತ್ತೆ.” ಮೊದಲು ನೂರ ಹದಿನಾಲ್ಕನ್ನು ನೆಲಕ್ಕಿಟ್ಟರು, ಅದರ ಮೇಲೆ ನೂರ ಹತ್ತನ್ನು ಇಟ್ಟರು. ಆಳದ್ದು ಕೆಳಗೆ, ಮೇಲಿನದ್ದು ಮೇಲೆ. ಕೈಗೆ ಕ್ರಮ ಮರೆತಿರಲಿಲ್ಲ. ಕಾಲನ್ನು ಮೆಲ್ಲಗೆ ಅವುಗಳ ಮೇಲೆ ಇಳಿಸಿ, ಏಳುತ್ತ ಮೇಜನ್ನು ಅಂಗೈಯಿಂದ ತಟ್ಟಿದರು. ಮೇಜು ಮಿಸುಕಲಿಲ್ಲ. “ಆಹಾ” ಎಂದರು. “ಆಫೀಸಿನಿಂದ ಒಂದು ಒಳ್ಳೇ ವಸ್ತು ತಂದೆ ಕಣಯ್ಯಾ ಕೊನೆಗೆ.”

ಊಟ ಬಡಿಸಿದಳು. ಮೂವರೂ ಕೂತರು. ಭಾವ ತಮ್ಮ ತಟ್ಟೆಯಲ್ಲಿದ್ದದ್ದನ್ನು ಎಣಿಸಿದರು, ಸಮಾಧಾನವಾಗದೆ ಮತ್ತೆ ಎಣಿಸಿದರು, ಆಮೇಲೆ ಎರಡು ಮೊಣಕೈಗಳನ್ನೂ ಮೇಜಿನ ಮೇಲೆ ಧಾರಾಳವಾಗಿ ಊರಿ ತಿನ್ನಲು ಶುರುಮಾಡಿದರು. ಲೋಟದ ನೀರು ಅಲುಗಲಿಲ್ಲ. ನಾಲ್ಕು ತುತ್ತಾದ ಮೇಲೆ ಅವರ ಕಣ್ಣು ಮೇಜಿನ ಮೂಲೆಗೆ ಹೋಯಿತು.

“ಇನ್ನು ಅಲ್ಲಾಡಲ್ಲ ಬಿಡಯ್ಯಾ” ಎಂದರು. “ಕೈ ತೆಗಿ.”

ಅವನು ತನ್ನ ಎಡಗೈಯನ್ನು ನೋಡಿದ. ಬೆರಳ ಗೆಣ್ಣುಗಳು ಬೆಳ್ಳಗಾಗುವಷ್ಟು ಬಲವಾಗಿ ಅದು ಮೇಜನ್ನು ಅದುಮಿ ಹಿಡಿದಿತ್ತು.